ಮನೆಯಲ್ಲಿ ಕಟ್ಟಿದ ಕೇಬಲ್ ಕೈಕೊಟ್ಟಾಗ

ಕಳೆದ ಮಳೆಗಾಲದಲ್ಲಿ ವೀಣೆ ನುಡಿಸುವ ಗೆಳತಿಯೊಬ್ಬರಿಗೆ ವೀಣೆಯನ್ನು ಆಂಪ್ಲಿಫೈಯರಿಗೆ ಜೋಡಿಸುವ ಐದು ಮೀಟರ್ ಉದ್ದದ ಕೇಬಲ್ ಕಟ್ಟಿಕೊಟ್ಟೆ. ತಂತಿ ಒಳ್ಳೆಯದು, ಪ್ಲಗ್ ಒಳ್ಳೆಯದು, ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಲ್ಟಿಮೀಟರ್ ಹಿಡಿದರೆ ತುದಿಯಿಂದ ತುದಿಗೆ ಬೀಪ್ ಬಂದಿತು. ಪ್ಲಗ್ಗಿನ ಮೊನೆಯಾದ ಟಿಪ್ ಮತ್ತು ಅದರ ಹಿಂದಿನ ಉದ್ದ ಭಾಗವಾದ ಸ್ಲೀವ್ ನಡುವೆ ಬರಲಿಲ್ಲ. ಎರಡು ದಿನ ಬಿಟ್ಟು ಅವರ ಫೋನ್ ಬಂತು. "ಸದ್ದು ಬರುತ್ತಿದೆ, ಆದರೆ ವೀಣೆ ವೀಣೆಯ ಹಾಗಿಲ್ಲ. ಮೀಟಿನ ಟಕಟಕ ಮಾತ್ರ ಕೇಳುತ್ತದೆ, ಮಂದ್ರದಲ್ಲಿ ಉಸಿರೇ ಇಲ್ಲ" ಎಂದರು. ಅಂಗಡಿಯಿಂದ ತಂದ ಹಳೆಯ ಕೇಬಲ್ ಹಾಕಿದರೆ ಎಲ್ಲವೂ ಸರಿಯಾಗಿತ್ತು.

ಹಿಂದೆ ಇಂಥ ಹೊತ್ತಿನಲ್ಲಿ ನಾನು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಎರಡೂ ತುದಿಯ ಬೆಸುಗೆ ಕರಗಿಸಿ ಹೊಸದಾಗಿ ಹಾಕುವುದು. ಕೆಲವೊಮ್ಮೆ ಸರಿಹೋಗುತ್ತಿತ್ತು. ಯಾಕೆ ಸರಿಹೋಯಿತು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ, ತಿಂಗಳೊಳಗೆ ಅದೇ ಕೇಬಲ್ ಮನೆಗೆ ಮರಳುತ್ತಿತ್ತು. ಬೆಸುಗೆ ಕರಗಿದ ಕೂಡಲೇ ದೋಷದ ಸಾಕ್ಷಿಯೂ ಕರಗಿಹೋಗುತ್ತದೆ. ಆದ್ದರಿಂದ ಈಗ ನಾನು ಒಂದು ಹಟ ಹಿಡಿದಿದ್ದೇನೆ: ಬೆಸುಗೆಯ ಐರನ್ ಬಿಸಿ ಮಾಡುವ ಮೊದಲು ಅಳೆಯಬೇಕು, ಅಳೆಯುವಾಗ ಬೀಪ್ ಕೇಳಿ ಸುಮ್ಮನಾಗದೆ ಅಂಕಿ ಓದಬೇಕು. ವೀಣೆಯ ಕೇಬಲ್ಲಿನ ಗುಟ್ಟು ಸಿಕ್ಕಿದ್ದೂ ಹಾಗೆಯೇ. ಅದಕ್ಕೆ ಬರುತ್ತೇನೆ.

ತಪ್ಪು ಕೇಬಲ್ಲಿನದೇ?

ಎಷ್ಟೋ ಸಲ ಅಲ್ಲ. ಗಿಟಾರಿನ ಜಾಕ್, ಅಂದರೆ ಪ್ಲಗ್ ಚುಚ್ಚುವ ಕಿಂಡಿ, ಸಡಿಲವಾಗಿ ಅದರ ನಟ್ಟು ತಿರುಗುತ್ತಿರುತ್ತದೆ, ಒಳಗಿನ ತಂತಿ ಪ್ರತಿ ಸಲವೂ ತಿರುಚಿಕೊಳ್ಳುತ್ತದೆ. ಆಂಪ್ಲಿಫೈಯರಿನ ಜಾಕ್ ಸರ್ಕ್ಯೂಟ್ ಬೋರ್ಡಿಗೇ ಬೆಸೆದುಕೊಂಡಿದ್ದರೆ ಅಲ್ಲಿಯ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಬೈಗುಳ ಮಾತ್ರ ಕೇಬಲ್ಲಿಗೆ.

ಇದನ್ನು ತಿಳಿಯಲು ಎರಡು ಹೆಜ್ಜೆ ಸಾಕು. ಮೊದಲು ಉಳಿದುದೆಲ್ಲವನ್ನೂ ಹಾಗೆಯೇ ಬಿಟ್ಟು, ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಕೇಬಲ್ ಹಾಕಿ ನೋಡಿ. ಅದರಲ್ಲಿಯೂ ಅದೇ ಕರಕರ ಬಂದರೆ ಈ ಕೇಬಲ್ ನಿರಪರಾಧಿ. ಸದ್ದು ಸರಿಹೋದರೆ ಎರಡನೆಯ ಹೆಜ್ಜೆ: ಸಂಶಯದ ಕೇಬಲ್ಲನ್ನೇ ತಿರುವುಮುರುವಾಗಿ ಹಾಕಿ, ವಾದ್ಯದ ಕಡೆಯ ತುದಿ ಆಂಪ್ಲಿಫೈಯರಿಗೆ, ಆಂಪ್ಲಿಫೈಯರ್ ಕಡೆಯದು ವಾದ್ಯಕ್ಕೆ. ಮೊದಲು ವಾದ್ಯದ ಬಳಿ ಅಲ್ಲಾಡಿಸಿದಾಗ ಬರುತ್ತಿದ್ದ ಕರಕರ ಈಗ ಆಂಪ್ಲಿಫೈಯರಿನ ಬಳಿ ಅಲ್ಲಾಡಿಸಿದಾಗ ಬಂದರೆ ದೋಷ ಆ ತುದಿಯ ಪ್ಲಗ್‌ನಲ್ಲಿದೆ. ಕರಕರ ವಾದ್ಯದ ಬಳಿಯೇ ಉಳಿದರೆ ಜಾಕ್ ಮತ್ತು ಪ್ಲಗ್ ಒಂದಕ್ಕೊಂದು ಸರಿಯಾಗಿ ಕೂರುತ್ತಿಲ್ಲ ಎಂದರ್ಥ. ಅಗ್ಗದ ಪ್ಲಗ್‌ಗಳಲ್ಲಿ ಟಿಪ್ಪಿನ ಆಕಾರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಒಂದು ಜಾಕ್‌ನಲ್ಲಿ ಗಟ್ಟಿಯಾಗಿ ಕೂರುವ ಪ್ಲಗ್ ಇನ್ನೊಂದರಲ್ಲಿ ಜಾರುತ್ತದೆ. 6.35 ಮಿಲಿಮೀಟರಿನ ಈ ಪ್ಲಗ್ ಹುಟ್ಟಿದ್ದು ದೂರವಾಣಿ ವಿನಿಮಯ ಕೇಂದ್ರಗಳ ಕೈಚಾಲಿತ ಸ್ವಿಚ್‌ಬೋರ್ಡ್‌ಗಳಿಗಾಗಿ. ದಿನಕ್ಕೆ ನೂರಾರು ಸಲ ಹಾಕಿ ತೆಗೆಯಲು ಮಾಡಿದ ವಸ್ತು ಅದು, ಅಳತೆ ಸರಿಯಿದ್ದರೆ ವರ್ಷಗಟ್ಟಲೆ ಬಾಳುತ್ತದೆ.

ಮೀಟರ್ ಹೇಳುವುದನ್ನು ಪೂರ್ತಿ ಕೇಳಿ

ಬೀಪ್ ಮಾಡುವ ಮೀಟರ್ ಒಂದೇ ಪ್ರಶ್ನೆಗೆ ಉತ್ತರಿಸುತ್ತದೆ: ನಡುವಿನ ತಡೆ ಕೆಲವು ಹತ್ತು ಓಮ್‌ಗಿಂತ ಕಡಿಮೆಯಿದೆಯೇ? ನೂರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಹತ್ತು ಓಮ್‌ನ ಕೆಟ್ಟ ಬೆಸುಗೆ ಇದ್ದರೂ ಬರುತ್ತದೆ. ಇನ್ನೊಂದು ಕಡೆ, ಟಿಪ್ ಮತ್ತು ಸ್ಲೀವ್ ನಡುವೆ ಇಪ್ಪತ್ತು ಸಾವಿರ ಓಮ್‌ನ ಸೋರಿಕೆ ಇದ್ದರೆ ಬೀಪ್ ಬರುವುದೇ ಇಲ್ಲ. ನಾವು ಶಾರ್ಟ್ ಇಲ್ಲ ಎಂದುಕೊಂಡು ನೆಮ್ಮದಿಯಾಗಿ ಪ್ಲಗ್ಗಿನ ಕವಚ ಬಿಗಿ ಮಾಡುತ್ತೇವೆ.

ಆದ್ದರಿಂದ 200 ಓಮ್ ವ್ಯಾಪ್ತಿಯಿಂದ ಆರಂಭಿಸಿ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಮೊದಲು ಬರೆದಿಟ್ಟುಕೊಳ್ಳಿ, ಮೀಟರಿನ ಸ್ವಂತ ತಂತಿಗಳ ತಡೆ ಅದು, 0.2 ಅಥವಾ 0.4 ಇರಬಹುದು. ಬಳಿಕ ಬರುವ ಪ್ರತಿ ಅಂಕಿಯಿಂದ ಅದನ್ನು ಕಳೆಯಿರಿ. ಸಾಮಾನ್ಯ ವಾದ್ಯದ ಕೇಬಲ್ಲಿನ ಒಳತಂತಿ ಪ್ರತಿ ಮೀಟರ್ ಉದ್ದಕ್ಕೆ 0.08 ಓಮ್ ಆಸುಪಾಸು, ಅಂದರೆ ಆರು ಮೀಟರಿಗೆ ಅರ್ಧ ಓಮ್. ಅದರ ಸುತ್ತಲಿನ ಲೋಹದ ಹೆಣಿಗೆ, ಅಂದರೆ ಸ್ಲೀವಿಗೆ ಸೇರುವ ಶೀಲ್ಡ್, ಇನ್ನೂ ಕಡಿಮೆ. ಎರಡು ಓಮ್, ಮೂರು ಓಮ್ ಬಂದರೆ ಎಲ್ಲೋ ಎಳೆಗಳು ತುಂಡಾಗಿವೆ ಅಥವಾ ಬೆಸುಗೆ ಹಿಡಿದಿಲ್ಲ. ಇವತ್ತು ಸದ್ದು ಸರಿಯಿದ್ದರೂ ಅದು ಮುಂದಿನ ಕಛೇರಿಯಲ್ಲಿ ಕೈಕೊಡುವ ಕೇಬಲ್. ಅಂಗಡಿಯ ಅಗ್ಗದ ತಂತಿಯಲ್ಲಿ ಅಂಕಿ ಎಲ್ಲ ಕಡೆಯೂ ಸಮವಾಗಿ ಹೆಚ್ಚಿದ್ದರೆ ಅದು ಶುದ್ಧ ತಾಮ್ರವೇ ಅಲ್ಲದಿರಬಹುದು, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಮ್ ಅಥವಾ ಉಕ್ಕು ಇರಬಹುದು. ಉಕ್ಕಿಗೆ ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಅಲ್ಯೂಮಿನಿಯಮ್ಮಿನ ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ.

ಬಳಿಕ ಮೀಟರನ್ನು 2 ಮೆಗಾ ಓಮ್ ಅಥವಾ 20 ಮೆಗಾ ಓಮ್ ವ್ಯಾಪ್ತಿಗೆ ತಿರುಗಿಸಿ, ಕೇಬಲ್ಲಿನ ಎರಡೂ ತುದಿ ಬಿಡುವಾಗಿದ್ದಾಗ ಟಿಪ್ ಮತ್ತು ಸ್ಲೀವ್ ನಡುವೆ ಅಳೆಯಿರಿ. ಅಂಕಿಯೇ ಬರಬಾರದು. ಇಲ್ಲಿ ಒಂದು ಎಚ್ಚರಿಕೆ ಬೇಕು: ಎರಡು ಕಡ್ಡಿಗಳ ಲೋಹವನ್ನೂ ಬೆರಳಿನಿಂದ ಒತ್ತಿ ಹಿಡಿದರೆ ಮೀಟರ್ ಅಳೆಯುವುದು ನಿಮ್ಮ ದೇಹವನ್ನು. ಕೈ ಬೆವರಿದ್ದರೆ ಕೆಲವು ಲಕ್ಷ ಓಮ್ ಸುಲಭವಾಗಿ ತೋರುತ್ತದೆ. ಮೊಸಳೆ ಕ್ಲಿಪ್ ಹಾಕಿ ಕೈ ತೆಗೆಯಿರಿ.

ಸದ್ದು ಬರುತ್ತದೆ, ಆದರೆ ಸರಿಯಿಲ್ಲ

ಈಗ ವೀಣೆಗೆ ಬರೋಣ. ತುದಿಯಿಂದ ತುದಿಗೆ ಅಂಕಿ ಸರಿಯಿತ್ತು. ಟಿಪ್ ಮತ್ತು ಸ್ಲೀವ್ ನಡುವೆ ಅಂಕಿಯೇ ಇರಬಾರದಾಗಿದ್ದಲ್ಲಿ 18 ಕಿಲೋ ಓಮ್ ತೋರಿತು. ಒಂದು ಪ್ಲಗ್ಗಿನ ಕವಚ ಬಿಚ್ಚಿ ಭೂತಗನ್ನಡಿ ಹಿಡಿದೆ. ಶೀಲ್ಡಿನ ಎಳೆಗಳನ್ನು ಅಚ್ಚುಕಟ್ಟಾಗಿ ಹುರಿ ಮಾಡಿ ಒಂದು ಬದಿಗೆ ಸರಿಸಿದ್ದೆ, ಒಂದೂ ಚಾಚಿರಲಿಲ್ಲ. ಆದರೆ ಒಳತಂತಿಯ ಬಿಳಿ ನಿರೋಧಕದ ಮೇಲೆ ತೆಳುವಾದ ಕಪ್ಪು ಪ್ಲಾಸ್ಟಿಕ್ ಪದರವೊಂದು ಟಿಪ್ಪಿನ ಲಗ್ಗಿನವರೆಗೂ, ಅಂದರೆ ತಂತಿ ಬೆಸೆಯುವ ತಗಡಿನವರೆಗೂ, ಹಾಗೆಯೇ ಬಂದಿತ್ತು. ನಿರೋಧಕದ ಇನ್ನೊಂದು ಪದರ ಎಂದು ಅದನ್ನು ಬಿಟ್ಟುಬಿಟ್ಟಿದ್ದೆ.

ಅದು ನಿರೋಧಕವಲ್ಲ. ಇಂಗಾಲ ಬೆರೆಸಿದ ಪ್ಲಾಸ್ಟಿಕ್, ವಿದ್ಯುತ್ತನ್ನು ಅಲ್ಪಸ್ವಲ್ಪ ಹರಿಯಬಿಡುತ್ತದೆ. ವಾದ್ಯದ ಕೇಬಲ್ಲುಗಳಲ್ಲಿ ಅದನ್ನು ಬೇಕೆಂದೇ ಹಾಕಿರುತ್ತಾರೆ. ಕೇಬಲ್ ಮಡಚಿದಾಗ, ಯಾರಾದರೂ ತುಳಿದಾಗ, ಶೀಲ್ಡಿನ ಹೆಣಿಗೆ ನಿರೋಧಕಕ್ಕೆ ಉಜ್ಜಿ ಸ್ಥಿರವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರಿನಲ್ಲಿ ಅದು ಧಬ್ ಎಂದು ಕೇಳುತ್ತದೆ. ಕಪ್ಪು ಪದರ ಆ ವಿದ್ಯುತ್ತನ್ನು ಶೀಲ್ಡಿಗೆ ಹರಿಸಿಬಿಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಶೀಲ್ಡಿಗೆ ಅಂಟಿಕೊಂಡ ಆ ಪದರ ಟಿಪ್ಪಿಗೂ ತಾಗಿದರೆ ಎರಡರ ನಡುವೆ ಸಾವಿರಾರು ಓಮ್‌ನ ಸೇತುವೆ ಕಟ್ಟಿದ ಹಾಗೆ.

ಮಂದ್ರ ಮಾತ್ರ ಯಾಕೆ ಸತ್ತಿತು? ವೀಣೆಗೆ ಅಂಟಿಸಿದ್ದು ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆ. ವಿದ್ಯುತ್ತಿನ ಲೆಕ್ಕದಲ್ಲಿ ಅದೊಂದು ಕೆಪಾಸಿಟರ್. 27 ಮಿಲಿಮೀಟರ್ ಅಗಲದ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್. ಅದಕ್ಕೆ 18 ಕಿಲೋ ಓಮ್ ಅಡ್ಡಲಾಗಿ ಬಿದ್ದರೆ 440 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೋರಲು ತೊಡಗುತ್ತದೆ, ಕೆಳಗಿಳಿದಷ್ಟೂ ಹೆಚ್ಚು. ವೀಣೆಯ ಸಾರಣಿ ತಂತಿಯನ್ನು ಮೆಟ್ಟಿಲು ಒತ್ತದೆ ಮೀಟಿದರೆ ಬರುವ ಷಡ್ಜವೇ 150 ಹರ್ಟ್ಸ್ ಆಸುಪಾಸಿನದು. ಪಂಚಮ, ಮಂದ್ರ, ಅನುಮಂದ್ರ ತಂತಿಗಳು ಅದಕ್ಕೂ ಕೆಳಗೆ. ಅವೆಲ್ಲ ಆ ಕಪ್ಪು ಪದರದ ಮೂಲಕ ಶೀಲ್ಡಿಗೆ ಇಳಿದುಹೋಗುತ್ತಿದ್ದವು. ಮೀಟಿನ ಟಕಟಕ ಮಾತ್ರ ದಾಟಿ ಬರುತ್ತಿತ್ತು.

ಬ್ಲೇಡಿನಿಂದ ಕಪ್ಪು ಪದರವನ್ನು ಸುತ್ತಲೂ ಹಗುರಾಗಿ ಗೀರಿ, ಶೀಲ್ಡ್ ಬೇರ್ಪಡುವ ಜಾಗದವರೆಗೂ, ಅಂದರೆ ಐದಾರು ಮಿಲಿಮೀಟರ್, ಸುಲಿದು ತೆಗೆದೆ. ಉಳಿದ ಕಪ್ಪು ಧೂಳನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದೆ. ಮೀಟರಿನ ಅಂಕಿ ಮಾಯವಾಯಿತು. ಅದೇ ಸಂಜೆ ಫೋನಿನಲ್ಲಿಯೇ ಅವರು ಅನುಮಂದ್ರದ ತಂತಿಯನ್ನು ಒಮ್ಮೆ ಮೀಟಿ ಕೇಳಿಸಿದರು. ಮೊದಲ ಸಲ ಕೇಬಲ್ ಕಟ್ಟುವವರು ಹೆಚ್ಚಾಗಿ ಎಡವುವ ಕಲ್ಲು ಇದೇ ಎಂದು ನನಗೆ ಅನ್ನಿಸುತ್ತದೆ. ಮೈಕಿನ ಕೇಬಲ್ ಕಟ್ಟಿ ಕೈ ಪಳಗಿದವರೂ ಎಡವುತ್ತಾರೆ, ಏಕೆಂದರೆ ಮೈಕಿನ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಈ ಪದರ ಇರುವುದಿಲ್ಲ.

ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಪಿಕಪ್ ಇರುವ ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದೇ ಸೋರಿಕೆ ಬೇರೆ ರೂಪದಲ್ಲಿ ಕಾಣಿಸುತ್ತದೆ: ಸದ್ದು ಕುಗ್ಗುತ್ತದೆ, ಹೊಳಪು ಹೋಗುತ್ತದೆ, ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಅದರಲ್ಲಿ ಹೊಳಪು ಹೋಗಲು ಇನ್ನೊಂದು ಕಾರಣವೂ ಇದೆ, ಅದು ದೋಷವಲ್ಲ, ಉದ್ದ. ಸಾಧಾರಣ ಕೇಬಲ್ಲಿನ ಕೆಪಾಸಿಟನ್ಸ್ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್. ಪಿಕಪ್ಪಿನ ಇಂಡಕ್ಟನ್ಸ್ 2.5 ಹೆನ್ರಿ ಎಂದಿಟ್ಟುಕೊಳ್ಳಿ. ಒಟ್ಟು 700 ಪಿಕೋಫ್ಯಾರಡ್ ಇದ್ದಾಗ ಅದರ ಅನುರಣನ, ಅಂದರೆ ಹೊಳಪು ಎದ್ದು ಕೇಳುವ ಜಾಗ, 3800 ಹರ್ಟ್ಸ್ ಹತ್ತಿರ ಇರುತ್ತದೆ. 1500 ಆದಾಗ 2600ಕ್ಕೆ ಇಳಿಯುತ್ತದೆ. ಮೂರು ಮೀಟರಿನ ಕೇಬಲ್ ಬಿಟ್ಟು ಹನ್ನೆರಡು ಮೀಟರಿನದು ಕಟ್ಟಿಕೊಂಡು ಬೆಸುಗೆಯಲ್ಲಿ ತಪ್ಪು ಹುಡುಕುವವರು ಇದನ್ನು ನೆನಪಿಡಬೇಕು. ಸಂಕೇತವನ್ನು ಮೊದಲೇ ಬಲಪಡಿಸುವ, ಬ್ಯಾಟರಿ ಇರುವ ಪ್ರೀಆಂಪ್ ವಾದ್ಯದಲ್ಲಿಯೇ ಇದ್ದರೆ ಉದ್ದದ ಈ ಚಿಂತೆ ಬೇಡ.

ಕರಕರ, ಬಿಟ್ಟುಬಿಟ್ಟು ಬರುವ ಸದ್ದು

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಕಿರಿಕಿರಿ. ಮೇಜಿನ ಮೇಲೆ ಕೇಬಲ್ ಸುಮ್ಮನೆ ಮಲಗಿದ್ದಾಗ ಅಳೆದರೆ ಯಾವ ದೋಷವೂ ಕಾಣುವುದಿಲ್ಲ. ವೇದಿಕೆಯಲ್ಲಿ ಕೇಬಲ್ ಮಲಗಿರುವುದಿಲ್ಲವಲ್ಲ. ಮೊಸಳೆ ಕ್ಲಿಪ್ಪುಗಳನ್ನು ಎರಡೂ ತುದಿಗೆ ಕಚ್ಚಿಸಿ, 200 ಓಮ್ ವ್ಯಾಪ್ತಿಯಲ್ಲಿ ಅಂಕಿಯನ್ನು ನೋಡುತ್ತಾ ಕೇಬಲ್ಲನ್ನು ಒಂದು ತುದಿಯಿಂದ ಗೇಣು ಗೇಣಾಗಿ ಬಾಗಿಸುತ್ತಾ ಹೋಗಿ. ಅಂಕಿ ಎಲ್ಲಿ ಜಿಗಿಯಿತೋ ಅಲ್ಲಿ ನಿಲ್ಲಿ. ಹತ್ತಕ್ಕೆ ಒಂಬತ್ತು ಸಲ ಪ್ಲಗ್ಗಿನ ಬಾಯಿಯಿಂದ ನಾಲ್ಕು ಬೆರಳು ದಾಟುವುದರೊಳಗೆ ಜಿಗಿಯುತ್ತದೆ, ನನ್ನ ಅನುಭವ ಹೀಗೆ.

ಅಲ್ಲಿ ಜಿಗಿಯಲು ಕಾರಣಗಳು ನಾನಾ ಬಗೆ. ಕೇಬಲ್ಲನ್ನು ಹಿಡಿದಿಡಬೇಕಾದ ಕಚ್ಚುಪಟ್ಟಿ ಸಡಿಲವಾಗಿ, ಎಳೆತವೆಲ್ಲ ಬೆಸುಗೆಯ ಮೇಲೆ ಬಿದ್ದಿರಬಹುದು. ಬಿಗಿ ಹೆಚ್ಚಾಗಿ ಪಟ್ಟಿಯ ಅಂಚು ನಿರೋಧಕವನ್ನೇ ಕತ್ತರಿಸಿರಬಹುದು. ಸುಲಿಯುವಾಗ ಬ್ಲೇಡು ಆಳವಾಗಿ ಇಳಿದು ಅರ್ಧ ಎಳೆಗಳು ಅಂದೇ ತುಂಡಾಗಿ, ಉಳಿದವು ಬಾಗಿ ಬಾಗಿ ಒಂದೊಂದಾಗಿ ಮುರಿದಿರಬಹುದು. ಬೆಸುಗೆ ತಂತಿಯ ಎಳೆಗಳ ಉದ್ದಕ್ಕೂ ಹೀರಿಕೊಂಡು ಹೋಗಿ ಅವನ್ನು ಕಡ್ಡಿಯ ಹಾಗೆ ಗಟ್ಟಿ ಮಾಡಿದ್ದರೆ, ಗಟ್ಟಿ ಮುಗಿದು ಮೆದು ಆರಂಭವಾಗುವ ಜಾಗದಲ್ಲಿಯೇ ಅದು ಮುರಿಯುತ್ತದೆ.

ಪ್ಲಗ್ಗಿನಲ್ಲೇ ದೋಷವಿರುವುದೂ ಉಂಟು. ಅಗ್ಗದ ಪ್ಲಗ್‌ಗಳಲ್ಲಿ ಟಿಪ್ಪನ್ನೂ ಲಗ್ಗನ್ನೂ ಒಂದು ರಿವೆಟ್ ಹಿಡಿದಿರುತ್ತದೆ. ಬೆಸುಗೆಯ ಶಾಖಕ್ಕೆ ನಡುವಿನ ಪ್ಲಾಸ್ಟಿಕ್ ಕುಗ್ಗಿ ರಿವೆಟ್ ಸಡಿಲವಾಗುತ್ತದೆ. ಟಿಪ್ಪನ್ನು ಬೆರಳಲ್ಲಿ ಹಿಡಿದು ಮೆಲ್ಲನೆ ತಿರುಗಿಸಿ ನೋಡಿ. ತಿರುಗಿದರೆ ಆ ಪ್ಲಗ್ಗಿನ ಮೇಲೆ ಇನ್ನಷ್ಟು ಬೆಸುಗೆ ಸುರಿದು ಪ್ರಯೋಜನವಿಲ್ಲ, ಎಸೆಯಿರಿ. ಲಿಚ್ಟೆನ್‌ಸ್ಟೈನ್ ದೇಶದ ನ್ಯೂಟ್ರಿಕ್ ಅಥವಾ ಅಮೆರಿಕದ ಸ್ವಿಚ್‌ಕ್ರಾಫ್ಟ್ ಪ್ಲಗ್‌ಗೆ ಕೊಟ್ಟ ಹಣ ಹೆಚ್ಚೆನಿಸಿದರೂ ಅದು ತಂತಿ ಬದಲಾದ ಮೇಲೂ ಉಳಿಯುವ ಸಾಮಾನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿ ಪ್ಲಗ್ ಕೊಳ್ಳುವಾಗ ನಾನು ಮೊದಲು ಟಿಪ್ ತಿರುಗಿಸಿ ನೋಡುತ್ತೇನೆ, ಬಳಿಕ ಕವಚ ಬಿಚ್ಚಿ ಒಳಗಿನ ಕಚ್ಚುಪಟ್ಟಿ ನೋಡುತ್ತೇನೆ, ಕೊನೆಗೆ ಬೆಲೆ ಕೇಳುತ್ತೇನೆ.

ಕವಚ ಬಿಚ್ಚಿದಾಗ ಸರಿಯಿದ್ದು ಹಾಕಿದ ಕೂಡಲೇ ಸದ್ದು ನಿಂತುಹೋಗುವ ಕೇಬಲ್ಲೂ ಇದೆ. ಲೋಹದ ಕವಚದೊಳಗೆ ಒಂದು ಪ್ಲಾಸ್ಟಿಕ್ ನಳಿಕೆ ಇರುತ್ತದೆ, ಅದನ್ನು ಹಾಕಲು ಮರೆತರೆ ಟಿಪ್ಪಿನ ಲಗ್ಗು ಕವಚಕ್ಕೆ ತಾಗುತ್ತದೆ. ಇಲ್ಲವೇ ಶೀಲ್ಡಿನ ಒಂದೇ ಒಂದು ಎಳೆ, ಕೂದಲಿಗಿಂತ ತೆಳುವಾದದ್ದು, ಕವಚ ತಿರುಗಿಸುವಾಗ ಅದರ ಜೊತೆ ಸುತ್ತಿಕೊಂಡು ಟಿಪ್ಪಿಗೆ ಹೋಗಿ ತಾಗುತ್ತದೆ. ಹಾಗಾಗಿ ಕೊನೆಯ ಅಳತೆ ಯಾವಾಗಲೂ ಕವಚ ಬಿಗಿ ಮಾಡಿದ ಮೇಲೆ.

ಗುಂಯ್ ಎನ್ನುವ ಸದ್ದು

ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ದಪ್ಪನೆಯ ಗುಂಯ್ ಎಂದು ಕೇಳಿದರೆ ಅದು ಮುಖ್ಯವಾಗಿ ವಿದ್ಯುತ್ ತಂತಿಗಳಿಂದ ಬಂದದ್ದು. ತೀಕ್ಷ್ಣವಾಗಿ ಝುಂಯ್ ಎಂದರೆ 100 ಹರ್ಟ್ಸ್ ಮತ್ತು ಅದರ ಮೇಲಿನವು ಸೇರಿಕೊಂಡಿವೆ, ವೇದಿಕೆಯ ದೀಪದ ಡಿಮ್ಮರ್ ಅಥವಾ ಅಗ್ಗದ ಅಡಾಪ್ಟರ್ ಎಲ್ಲೋ ಹತ್ತಿರದಲ್ಲಿದೆ.

ಶೀಲ್ಡ್ ಕಳಚಿದ್ದರೆ ಗುಂಯ್ ಸಂಗೀತಕ್ಕಿಂತ ಜೋರಾಗಿರುತ್ತದೆ. ಗಿಟಾರಿನಲ್ಲಿ ಇದನ್ನು ಬೆರಳಲ್ಲೇ ಪರೀಕ್ಷಿಸಬಹುದು. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಶೀಲ್ಡ್ ತಂತಿಗಳವರೆಗೂ ತಲುಪಿದೆ, ಕೇಬಲ್ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ಶೀಲ್ಡ್ ಎಲ್ಲೋ ತುಂಡಾಗಿದೆ. ಡಿಶ್ ಟಿವಿಗೆ ಎಳೆದು ಮಿಕ್ಕ ಆರ್‌ಜಿ-6 ಕೇಬಲ್ಲಿನಲ್ಲಿ ವಾದ್ಯದ ಕೇಬಲ್ ಕಟ್ಟಲು ಹೋದವರಿಗೆ ಇದು ತಪ್ಪದೆ ಎದುರಾಗುತ್ತದೆ. ಅದರ ಹೊರಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಮ್, ನಮ್ಮ ಸೀಸ-ತವರದ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಹಿಡಿದ ಹಾಗೆ ಕಾಣುತ್ತದೆ, ಒಂದು ವಾರಕ್ಕೆ ಉದುರುತ್ತದೆ. ಸ್ಪೀಕರಿನ ಜೋಡಿ ತಂತಿಯಲ್ಲಿ ಗಿಟಾರಿಗೆ ಕೇಬಲ್ ಕಟ್ಟಿದರೂ ಗುಂಯ್ ಬರುತ್ತದೆ, ಅದರಲ್ಲಿ ಶೀಲ್ಡೇ ಇಲ್ಲ. ಇದನ್ನು ತಿರುಗಿಸಿ, ವಾದ್ಯದ ಶೀಲ್ಡ್ ಕೇಬಲ್ಲನ್ನು ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹಾಕುವುದು ಇನ್ನೂ ಕೆಟ್ಟದ್ದು. ಸಪೂರ ಒಳತಂತಿ ಬಿಸಿಯಾಗಿ ನಿರೋಧಕ ಕರಗಿದರೆ ಆಂಪ್ಲಿಫೈಯರೇ ಹೋಗಬಹುದು.

ಕೇಬಲ್ ಎಲ್ಲ ಅಳತೆಯಲ್ಲೂ ಪಾಸಾಗಿ, ಎರಡು ಉಪಕರಣಗಳನ್ನು ಜೋಡಿಸಿದಾಗ ಮಾತ್ರ ಗುಂಯ್ ಬಂದರೆ ಅದು ಅರ್ಥ್‌ನ ಸುತ್ತು. ಎರಡೂ ಬೇರೆ ಬೇರೆ ಕಡೆಯಿಂದ ಅರ್ಥ್ ಪಡೆದು, ಕೇಬಲ್ಲಿನ ಶೀಲ್ಡ್ ಅವುಗಳ ನಡುವೆ ಮೂರನೆಯ ದಾರಿಯಾಗಿದೆ. ಎರಡನ್ನೂ ಒಂದೇ ಬೋರ್ಡಿನಿಂದ ಜೋಡಿಸಿ ನೋಡಿ. ಇಲ್ಲವೇ ನಡುವೆ ಟ್ರಾನ್ಸ್‌ಫಾರ್ಮರ್ ಮೂಲಕ ಸದ್ದಿನ ಸಂಕೇತವನ್ನು ದಾಟಿಸುವ ಡಿಐ ಪೆಟ್ಟಿಗೆ ಹಾಕಿ, ಶೀಲ್ಡಿನ ದಾರಿಯನ್ನು ಕಡಿಯುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಮೂರು ಕಡ್ಡಿಯ ವಿದ್ಯುತ್ ಪ್ಲಗ್ಗಿನ ದಪ್ಪ ಅರ್ಥ್ ಕಡ್ಡಿಯನ್ನು ಮಾತ್ರ ಯಾವ ಕಾರಣಕ್ಕೂ ಕಳಚಬೇಡಿ. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಒಳಗೆ ಎಲ್ಲಾದರೂ ಫೇಸ್ ತಂತಿ ಪೆಟ್ಟಿಗೆಗೆ ತಾಗಿದರೆ ಆ ವಿದ್ಯುತ್ತು ಕೇಬಲ್ಲಿನ ಶೀಲ್ಡಿನ ಮೂಲಕ ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಬರುತ್ತದೆ. ಮಳೆಯಲ್ಲಿ ನೆನೆದ ಚಪ್ಪರದ ಕೆಳಗೆ ಬರಿಗಾಲಲ್ಲಿ ನಿಂತು ಹಾಡುವವರು ನಮ್ಮಲ್ಲಿ ಬಹಳ. ಅವರ ತುಟಿ ಆ ಜಾಲರಿಗೆ ತಾಗುತ್ತದೆ.

ಮೂರು ಪಿನ್ನಿನ ಕೇಬಲ್

ಮೈಕುಗಳಿಗೆ ಬಳಸುವ ಎಕ್ಸ್‌ಎಲ್‌ಆರ್ ಕೇಬಲ್ಲಿನ ನಿಯಮ ಸರಳ: ಒಂದನೆಯ ಪಿನ್ನಿಗೆ ಶೀಲ್ಡ್, ಎರಡನೆಯದು ಧನ, ಮೂರನೆಯದು ಋಣ. ಅಂಕಿಗಳನ್ನು ಪಿನ್ನಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಭೂತಗನ್ನಡಿ ಹಿಡಿದು ಓದಿ. ಹೆಣ್ಣು ತುದಿಯನ್ನು ಎದುರಿನಿಂದ ನೋಡುವುದಕ್ಕೂ ಬೆಸುಗೆಯ ಕಡೆಯಿಂದ ನೋಡುವುದಕ್ಕೂ ಎಡಬಲ ಅದಲುಬದಲಾಗುತ್ತದೆ, ತಪ್ಪುಗಳು ಹುಟ್ಟುವುದು ಅಲ್ಲೇ.

ಲಕ್ಷಣಗಳೇ ದೋಷವನ್ನು ಹೇಳಿಬಿಡುತ್ತವೆ. ಕಂಡೆನ್ಸರ್ ಮೈಕ್ ಪೂರ್ತಿ ಮೂಕವಾಗಿ, ಅದೇ ಕೇಬಲ್ಲಿನಲ್ಲಿ ಡೈನಮಿಕ್ ಮೈಕ್ ಸ್ವಲ್ಪ ಗುಂಯ್‌ನೊಂದಿಗೆ ಕೆಲಸ ಮಾಡಿದರೆ ಒಂದನೆಯ ಪಿನ್ ಕಳಚಿದೆ: ಕಂಡೆನ್ಸರ್ ಮೈಕಿಗೆ ಮಿಕ್ಸರ್ ಕೊಡುವ 48 ವೋಲ್ಟ್‌ನ ಫ್ಯಾಂಟಮ್ ವಿದ್ಯುತ್ತು ಎರಡು ಮತ್ತು ಮೂರರಿಂದ ಹೋಗಿ ಒಂದರ ಮೂಲಕವೇ ಮರಳಬೇಕು. ಡೈನಮಿಕ್ ಮೈಕಿನಲ್ಲಿ ದನಿ ದೂರದಿಂದ ಬಂದಂತೆ ಸಪೂರವಾಗಿ ಕೇಳಿದರೆ ಎರಡು ಅಥವಾ ಮೂರರಲ್ಲಿ ಒಂದು ಕಳಚಿದೆ. ಒಂದೇ ಮೈಕ್ ಇದ್ದಾಗ ಎಲ್ಲವೂ ಸರಿಯಿದ್ದು, ಪಕ್ಕದಲ್ಲಿ ಇನ್ನೊಂದು ಮೈಕ್ ತೆರೆದ ಕೂಡಲೇ ದನಿಯ ದಪ್ಪವೆಲ್ಲ ಹೋದರೆ ಒಂದು ಕೇಬಲ್ಲಿನಲ್ಲಿ ಎರಡು ಮತ್ತು ಮೂರು ಅದಲುಬದಲಾಗಿವೆ. ಭಜನೆಗೆ ನಾಲ್ಕು ಮೈಕ್ ಸಾಲಾಗಿ ಇಟ್ಟಾಗ ಇದು ಚೆನ್ನಾಗಿ ಬಯಲಾಗುತ್ತದೆ. ಎರಡು ಮೈಕುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು "ಓಂ" ಎನ್ನಿ. ದನಿ ತುಂಬಿಕೊಂಡರೆ ಸರಿ, ಖಾಲಿಯಾದರೆ ತಪ್ಪು.

ನಾಲ್ಕು ಒಳತಂತಿಯ ಕ್ವಾಡ್ ಕೇಬಲ್ಲಿನಲ್ಲಿ, ಉದಾಹರಣೆಗೆ ಜಪಾನಿನ ಕನಾರೆ ಅಥವಾ ಮೊಗಾಮಿ, ಎರಡು ನೀಲಿ ಮತ್ತು ಎರಡು ಬಿಳಿ ಇರುತ್ತವೆ. ನೀಲಿಗಳೆರಡು ಒಂದು ಪಿನ್ನಿಗೆ, ಬಿಳಿಗಳೆರಡು ಇನ್ನೊಂದಕ್ಕೆ. ಒಂದು ನೀಲಿ ಬಿಟ್ಟುಹೋದರೂ ಸದ್ದು ಬರುತ್ತಲೇ ಇರುತ್ತದೆ, ಆದರೆ ಗದ್ದಲ ತಡೆಯುವ ಶಕ್ತಿ ಹೋಗಿರುತ್ತದೆ. ಎರಡು ಮತ್ತು ಮೂರನೆಯ ಪಿನ್ನುಗಳ ದಾರಿಯನ್ನು ಬೇರೆ ಬೇರೆಯಾಗಿ ಅಳೆದು ಓಮ್ ಅಂಕಿ ಹೋಲಿಸಿ. ಒಂದು ಇನ್ನೊಂದರ ಎರಡರಷ್ಟಿದ್ದರೆ ಒಂದು ತಂತಿ ಬಿಟ್ಟುಹೋಗಿದೆ. ಇದನ್ನೂ ಬೀಪ್ ಹೇಳುವುದಿಲ್ಲ.

ಹಾಡಿನಲ್ಲಿ ಗಾಯಕಿ ಕಾಣೆ

ಮೊಬೈಲಿನಿಂದ ಮಿಕ್ಸರಿಗೆ ಕೇಬಲ್ ಕಟ್ಟಿದ ಹುಡುಗನೊಬ್ಬ ಗಾಬರಿಯಿಂದ ಬಂದ. ಭಾವಗೀತೆ ಹಾಕಿದರೆ ಕೊಳಲು, ಪಿಟೀಲು, ದೂರದ ಗುಂಗು ಎಲ್ಲ ಕೇಳುತ್ತದೆ. ಹಾಡುವವರ ದನಿ ಮಾತ್ರ ಇಲ್ಲ. ಮೊಬೈಲ್ ಕೆಟ್ಟಿದೆ ಎಂದು ಅವನ ತೀರ್ಮಾನ.

ಅವನು 3.5 ಮಿಲಿಮೀಟರಿನ ಸ್ಟೀರಿಯೋ ಪ್ಲಗ್ಗಿನ ಟಿಪ್ಪನ್ನು ಎಕ್ಸ್‌ಎಲ್‌ಆರ್‌ನ ಎರಡಕ್ಕೂ, ಟಿಪ್ಪಿಗೂ ಸ್ಲೀವಿಗೂ ನಡುವಿನ ಪಟ್ಟಿಯಾದ ರಿಂಗನ್ನು ಮೂರಕ್ಕೂ, ಸ್ಲೀವನ್ನು ಒಂದಕ್ಕೂ ಹಾಕಿದ್ದ. ಮೂರು ತಂತಿ, ಮೂರು ಪಿನ್, ನೋಡಲು ಚೆನ್ನಾಗಿ ಹೊಂದುತ್ತದೆ. ಆದರೆ ಎಕ್ಸ್‌ಎಲ್‌ಆರ್ ಒಳಹರಿವು ಎರಡರಿಂದ ಮೂರನ್ನು ಕಳೆಯುತ್ತದೆ, ಅದರ ಕೆಲಸವೇ ಅದು. ಟಿಪ್ಪಿನಲ್ಲಿ ಬರುವ ಎಡದಿಂದ ರಿಂಗಿನಲ್ಲಿ ಬರುವ ಬಲವನ್ನು ಕಳೆದರೆ ಎರಡರಲ್ಲೂ ಸಮನಾಗಿರುವುದು ಸೊನ್ನೆಯಾಗುತ್ತದೆ; ಹಾಡಿನಲ್ಲಿ ಸಮನಾಗಿ ನಡುವೆ ಕೂತಿರುವುದು ಗಾಯಕರ ದನಿ. ಎಡಬಲಗಳಲ್ಲಿ ಬೇರೆ ಬೇರೆಯಾಗಿರುವ ವಾದ್ಯಗಳು ಮಾತ್ರ ಉಳಿಯುತ್ತವೆ.

ಪರಿಹಾರ ಎಂದರೆ ಎಡಕ್ಕೊಂದು ಬಲಕ್ಕೊಂದು ಎರಡು ಬೇರೆ ಪ್ಲಗ್ ಕಟ್ಟಿ ಮಿಕ್ಸರಿನ ಎರಡು ಲೈನ್ ಜಾಕುಗಳಿಗೆ ಹಾಕುವುದು. ಒಂದೇ ಜಾಕ್ ಬಿಡುವಿದ್ದರೆ ಎಡ ಮತ್ತು ಬಲಕ್ಕೆ ತಲಾ ಒಂದು ಕಿಲೋ ಓಮ್‌ನ ರೆಸಿಸ್ಟರ್ ಹಾಕಿ, ಆ ರೆಸಿಸ್ಟರುಗಳ ಇನ್ನೊಂದು ತುದಿಗಳನ್ನು ಸೇರಿಸಿ ಮೋನೋ ಪ್ಲಗ್ಗಿನ ಟಿಪ್ಪಿಗೆ ಕೊಡಿ. ರೆಸಿಸ್ಟರ್ ಇಲ್ಲದೆ ಎಡಬಲಗಳನ್ನು ನೇರವಾಗಿ ಬೆಸೆದರೆ ಮೊಬೈಲಿನ ಒಂದು ಆಂಪ್ಲಿಫೈಯರ್ ಇನ್ನೊಂದರ ಜೊತೆ ಗುದ್ದಾಡುತ್ತದೆ. ಮೈಕಿನ ಎಕ್ಸ್‌ಎಲ್‌ಆರ್‌ಗೆ ಮೊಬೈಲ್ ಹಾಕುವುದನ್ನೇ ನಾನು ಒಪ್ಪುವುದಿಲ್ಲ. ಯಾರೋ ಫ್ಯಾಂಟಮ್ ಗುಂಡಿ ಒತ್ತಿದರೆ ಅದರ ವೋಲ್ಟೇಜ್ ಮೊಬೈಲಿನ ಕಡೆಗೆ ನುಗ್ಗುತ್ತದೆ.

ತುಂಡಾದದ್ದು ಎಲ್ಲಿ?

ಒಳತಂತಿ ಪೂರ್ತಿ ತುಂಡಾಗಿದೆ, ಬಾಗಿಸಿದರೂ ಅಂಕಿ ಬರುವುದಿಲ್ಲ. ಯಾವ ತುದಿಯಲ್ಲಿ? ಎರಡೂ ಪ್ಲಗ್ ಕತ್ತರಿಸಿ ನೋಡುವ ಅಗತ್ಯವಿಲ್ಲ. ಮೀಟರಿನಲ್ಲಿ ಕೆಪಾಸಿಟನ್ಸ್ ಅಳತೆ ಇದ್ದರೆ ಅದರಲ್ಲಿ ಟಿಪ್ ಮತ್ತು ಸ್ಲೀವ್ ನಡುವೆ ಒಂದು ತುದಿಯಿಂದ ಅಳೆಯಿರಿ, ಬಳಿಕ ಇನ್ನೊಂದು ತುದಿಯಿಂದ. ಉದ್ದ ಹೆಚ್ಚಿದಷ್ಟೂ ಪಿಕೋಫ್ಯಾರಡ್ ಹೆಚ್ಚು. ಆರು ಮೀಟರಿನ ಕೇಬಲ್ ಒಂದು ಕಡೆಯಿಂದ 590, ಇನ್ನೊಂದು ಕಡೆಯಿಂದ 10 ತೋರಿದರೆ ಎರಡನೆಯ ಪ್ಲಗ್ಗಿನ ಬುಡದಲ್ಲೇ ತುಂಡಾಗಿದೆ. 420 ಮತ್ತು 180 ಬಂದರೆ ಮೊದಲ ತುದಿಯಿಂದ ಹತ್ತರಲ್ಲಿ ಏಳು ಪಾಲು, ಅಂದರೆ 4.2 ಮೀಟರ್ ದೂರದಲ್ಲಿ. ಕುರ್ಚಿಯ ಕಾಲು ಅಥವಾ ಬಾಗಿಲ ಸಂದು ಕೇಬಲ್ಲನ್ನು ಕಚ್ಚಿದ ಗುರುತು ಅಲ್ಲೇ ಸಿಗುತ್ತದೆ. ಮೀಟರಿನ ಕಡ್ಡಿಗಳನ್ನು ಸುಮ್ಮನೆ ದೂರ ಹಿಡಿದಾಗ ಬರುವ ಅಂಕಿಯನ್ನು ಇಲ್ಲಿಯೂ ಕಳೆಯಿರಿ. ನನಗೆ ಈ ಉಪಾಯ ಸಿಕ್ಕ ದಿನ ಮನೆಯಲ್ಲಿದ್ದ ಸತ್ತ ಕೇಬಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ; ಏಳರಲ್ಲಿ ಆರು ಒಂದು ಗೇಣು ಕತ್ತರಿಸಿದ್ದಕ್ಕೆ ಬದುಕಿದವು.

ಮತ್ತೆ ಬೆಸೆಯುವಾಗ

ಕವಚ, ಸ್ಪ್ರಿಂಗ್, ಪ್ಲಾಸ್ಟಿಕ್ ನಳಿಕೆ ಮೂರನ್ನೂ ಮೊದಲೇ ಕೇಬಲ್ಲಿಗೆ ಪೋಣಿಸಿ. ಪ್ಲಗ್ಗನ್ನು ಹಳೆಯ ಜಾಕ್ ಒಂದಕ್ಕೆ ಚುಚ್ಚಿ ಹಿಡಿದರೆ ಅದು ಶಾಖ ಹೀರುತ್ತದೆ, ಪ್ಲಾಸ್ಟಿಕ್ ಮೆತ್ತಗಾದರೂ ಟಿಪ್ ವಾಲುವುದಿಲ್ಲ. 60/40 ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗಲು ತೊಡಗಿ 190ರ ಹೊತ್ತಿಗೆ ಪೂರ್ತಿ ಕರಗುತ್ತದೆ. ನಾನು ಐರನ್ನನ್ನು 350ರ ಹತ್ತಿರ ಇಟ್ಟು ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತೇನೆ. ಕಡಿಮೆ ಬಿಸಿಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯುವುದೇ ಹೆಚ್ಚು ಅಪಾಯ. ಅದರಲ್ಲೂ ಸ್ಲೀವಿನ ದೊಡ್ಡ ಲಗ್ಗಿಗೆ ಶೀಲ್ಡ್ ಹಿಡಿಸುವಾಗ, ಒಳಗಿನ ಪಾಲಿಥೀನ್ 110 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಒಳತಂತಿ ಮೆಲ್ಲನೆ ಶೀಲ್ಡಿನ ಕಡೆಗೆ ಸರಿಯುತ್ತದೆ. ತಂತಿಗೂ ಲಗ್ಗಿಗೂ ಮೊದಲೇ ಬೇರೆ ಬೇರೆಯಾಗಿ ಬೆಸುಗೆ ಸವರಿಕೊಂಡಿದ್ದರೆ ಸೇರಿಸುವುದು ಒಂದು ಕ್ಷಣದ ಕೆಲಸ. ಬೆಸುಗೆ ಹಿಡಿಯಲೆಂದು ಸವರುವ ಫ್ಲಕ್ಸ್‌ನಲ್ಲಿ, ತಗಡಿನ ಕೆಲಸಕ್ಕೆ ಬಳಸುವ ಆಮ್ಲದ್ದು ಹತ್ತಿರವೂ ಬರಕೂಡದು. ರಾಳದ ಫ್ಲಕ್ಸ್ ಸಾಕು, ಅದನ್ನೂ ಕೊನೆಗೆ ಆಲ್ಕೊಹಾಲಿನಿಂದ ಒರೆಸುತ್ತೇನೆ. ನಾನಿರುವುದು ಕರಾವಳಿಯಲ್ಲಿ, ಜೂನ್ ಬಂದರೆ ಒರೆಸದೆ ಬಿಟ್ಟ ಫ್ಲಕ್ಸ್ ತೇವ ಹೀರಿ ಅಂಟಂಟಾಗುತ್ತದೆ, ಆಮ್ಲದ್ದಾದರೆ ತಾಮ್ರದ ಎಳೆಗಳ ಮೇಲೆ ಹಸಿರು ಪಾಚಿಯಂಥ ಪುಡಿ ಕಟ್ಟುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಕವಚ ಬಿಗಿದ ಮೇಲೆ ಮತ್ತೆ 200 ಓಮ್, ಮತ್ತೆ 20 ಮೆಗಾ ಓಮ್, ಎರಡನ್ನೂ ಕೇಬಲ್ ಅಲ್ಲಾಡಿಸುತ್ತಲೇ ಅಳೆಯಿರಿ. ನಾನು ಆ ಎರಡು ಅಂಕಿಗಳನ್ನೂ ದಿನಾಂಕವನ್ನೂ ಸಣ್ಣ ಚೀಟಿಯಲ್ಲಿ ಬರೆದು, ಪ್ಲಗ್ಗಿನ ಪಕ್ಕದಲ್ಲಿ ಪಾರದರ್ಶಕ ಟೇಪಿನ ಕೆಳಗೆ ಅಂಟಿಸುತ್ತೇನೆ. ವೀಣೆಯ ಕೇಬಲ್ಲಿನ ಚೀಟಿಯಲ್ಲಿ "0.4, ಸೋರಿಕೆ ಇಲ್ಲ" ಎಂದಿದೆ. ಮುಂದಿನ ಸಲ ಅವರ ಫೋನ್ ಬಂದಾಗ ನಾನು ಮೊದಲು ಹೋಲಿಸಿ ನೋಡುವುದು ಅದನ್ನೇ.